ವಾಲಿದತ್ತ ತಿರುವು

ಸ್ಕೇಟ್‌ಬೋರ್ಡ್ ಸವಾರ ಟೋನಿ ಹಾಕ್ ಹೆಸರು ಹೊತ್ತ ವಿಡಿಯೋ ಗೇಮುಗಳ ಮನೆತನದಲ್ಲಿ ಇಳಿಜಾರಿನ ಓಟದ ಆಟ ‘ಡೌನ್‌ಹಿಲ್ ಜಾಮ್’ಗೆ ಸಿಕ್ಕಿದ್ದು ಮಲಮಗನ ಪಾಲು. 2006ರ ನವೆಂಬರಿನಲ್ಲಿ ನಿಂಟೆಂಡೋದ ವೀ ಕನ್ಸೋಲ್ ಅಮೆರಿಕದ ಅಂಗಡಿಗಳಿಗೆ ಬಂದಾಗ ಜೊತೆಗೇ ಇದೂ ಬಂತು. ಅದೇ ತಿಂಗಳು ನೆವರ್‌ಸಾಫ್ಟ್‌ನವರು ತಯಾರಿಸಿದ, ಅದೇ ಮನೆತನದ ‘ಪ್ರಾಜೆಕ್ಟ್ 8’ ಉಳಿದ ಕನ್ಸೋಲುಗಳಿಗೆ ಬಂದಿತ್ತು. ಅದು ಅಸಲಿ ವಾರಸುದಾರ, ಟಾಯ್ಸ್ ಫಾರ್ ಬಾಬ್ ತಯಾರಿಸಿದ ಇದು ವೀ ಕೊಂಡವರ ಕಣ್ಣೊರೆಸಲು ಕೊಟ್ಟದ್ದು ಎಂಬ ಮಾತು ಆಗ ಹುಟ್ಟಿತು, ಈಗಲೂ ಸತ್ತಿಲ್ಲ. ನಾನು ಒಪ್ಪುವುದಿಲ್ಲ. ಟೀವಿ ಮುಂದೆ ಕೂತು ನಾನು ಆಡಿದ ಸ್ಕೇಟ್‌ಬೋರ್ಡ್ ಆಟಗಳಲ್ಲಿ ಹಲಗೆಯ ಸ್ವಭಾವವನ್ನು ಬಲ್ಲದ್ದು ಇದೊಂದೇ.

ಅದರ ದೋಷಗಳನ್ನು ಮುಚ್ಚಿಡಬೇಕಿಲ್ಲ. ಹಾಕ್‌ನ ಜೊತೆ ಓಡುವ ಪಾತ್ರಗಳ ಹಾಸ್ಯ ಎರಡನೇ ಸಲಕ್ಕೇ ಹಳಸುತ್ತದೆ. ಮಾಚು ಪಿಚ್ಚುವಿನ ಪಾಳುಗೋಡೆಗಳ ನಡುವೆ ಹಲಗೆ ಓಡಿಸುವುದು ತಮಾಷೆಯೋ ಅಸಭ್ಯವೋ, ಇನ್ನೂ ನನಗೆ ತೀರ್ಮಾನವಾಗಿಲ್ಲ. ಇರಲಿ.

ನೋಡಬೇಕಾದ್ದು ಕೈ. ವೀ ರಿಮೋಟನ್ನು ಅಡ್ಡಲಾಗಿ, ಅಕ್ಕಿ ಆರಿಸುವ ಮೊರದ ಹಾಗೆ ಎರಡೂ ತುದಿಗೆ ಹಿಡಿಯಬೇಕು. ಎಡಕ್ಕೆ ವಾಲಿಸಿದರೆ ಸವಾರ ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ಇಷ್ಟೇ ತಾನೇ ಎನ್ನಬಹುದು. ವೀ ಬಂದ ದಿನವೇ ಬಂದ ‘ಎಕ್ಸೈಟ್ ಟ್ರಕ್’ ಆಟದಲ್ಲೂ ಹೀಗೇ ವಾಲಿಸಿ ಗಾಡಿ ತಿರುಗಿಸುತ್ತಿದ್ದರಲ್ಲ? ಆದರೆ ಅಲ್ಲಿ ರಿಮೋಟು ಸ್ಟಿಯರಿಂಗಿನ ವೇಷ ಹಾಕಿರುತ್ತದೆ. ಸ್ಕೇಟ್‌ಬೋರ್ಡಿಗೆ ಸ್ಟಿಯರಿಂಗೇ ಇಲ್ಲ. ಹಲಗೆಯಡಿ ಚಕ್ರದ ಅಚ್ಚು ಹಿಡಿದಿರುವ ಟ್ರಕ್‌ನೊಳಗೆ ಮೆತ್ತನೆಯ ಬುಷಿಂಗುಗಳಿರುತ್ತವೆ. ಕಾಲಿನ ಭಾರ ಒಂದು ಅಂಚಿಗೆ ಬಿದ್ದಾಗ ಅವು ಅದುಮಿಕೊಂಡು, ಅಚ್ಚು ಓರೆಯಾಗಿ, ಹಲಗೆ ವಾಲಿದತ್ತಲೇ ತಿರುಗುತ್ತದೆ. ವಾಲುವುದೇ ಅಲ್ಲಿ ತಿರುಗುವುದು. ಪಾದ ಮಾಡುವ ಕೆಲಸವನ್ನೇ ಇಲ್ಲಿ ಅಂಗೈ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೂ ಒಳಗೆ ಹೋಗೋಣ. ಆ ರಿಮೋಟಿಗೆ ತಾನು ವಾಲಿದ್ದು ತಿಳಿಯುವುದು ಹೇಗೆ? ಒಳಗಿರುವುದು ಮೂರು ದಿಕ್ಕಿನ ಎಳೆತ ಅಳೆಯುವ ಒಂದು ಸಣ್ಣ ಚಿಪ್ಪು, ಆಕ್ಸಿಲರೋಮೀಟರ್. ಭೂಮಿ ತನ್ನನ್ನು ಯಾವ ಕಡೆಗೆ ಎಳೆಯುತ್ತಿದೆ ಎಂಬುದರಿಂದ ಅದು ತನ್ನ ಓರೆಯನ್ನು ಲೆಕ್ಕ ಹಾಕುತ್ತದೆ. ಇಳಿಜಾರಿನಲ್ಲಿ ಸವಾರನನ್ನು ಕೆಳಗೆಳೆಯುವುದೂ ಆ ಎಳೆತವೇ. ತೆರೆಯ ಮೇಲಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗುರುತ್ವಾಕರ್ಷಣೆ ಬರೀ ಗಣಿತ. ನನ್ನ ಕೈಯಲ್ಲಿ ಅದು ನಿಜ.

ಇಲ್ಲೊಂದು ಇಕ್ಕಟ್ಟಿದೆ, ವಿಮರ್ಶಕರು ಎಡವಿದ್ದೂ ಇಲ್ಲೇ. ಕಸರತ್ತು ಮಾಡಿ ವೇಗದ ಬುತ್ತಿ ತುಂಬಿಸಿಕೊಂಡು, ಬೇಕಾದಾಗ ರಿಮೋಟನ್ನು ಜೋರಾಗಿ ಅಲುಗಿಸಿದರೆ ಸವಾರ ಚಿಮ್ಮುತ್ತಾನೆ. ಕೈಯ ಅಲುಗಾಟ ಯಾವುದು, ಭೂಮಿಯ ಎಳೆತ ಯಾವುದು ಎಂದು ಬೇರೆ ಮಾಡುವುದು ಆ ಒಂದು ಚಿಪ್ಪಿಗೆ ಕಷ್ಟ. ನನ್ನ ಕೈಯಲ್ಲಂತೂ ಆ ಗಳಿಗೆ ಹಲಗೆ ತೂರಾಡಿತು. ಹಿಡಿತ ಸಾಲದು, ನಿಯಂತ್ರಣ ಕಳಪೆ ಎಂದು ದೂರುವವರು ನಿಜವಾದ ಇಳಿಜಾರಿನಲ್ಲಿ ವೇಗ ಮಿತಿಮೀರಿದಾಗ ಹಲಗೆ ಗಡಗಡ ನಡುಗುವುದನ್ನು ಕಂಡಿಲ್ಲವೆ? ‘ವಾಬಲ್’ ಎಂದು ಸವಾರರು ಹೆದರುವುದು ಅದಕ್ಕೇ. ತಯಾರಕರು ಇದನ್ನು ಬೇಕೆಂದೇ ಮಾಡಿದರು ಎಂದು ನಾನು ವಾದಿಸುತ್ತಿಲ್ಲ. ಅಡ್ಡಬಿದ್ದ ತಪ್ಪೊಂದು ನಿಜದ ಕಡೆಗೇ ಬಿದ್ದಿದೆ.

ಇದು ‘ಎಸ್‌ಎಸ್‌ಎಕ್ಸ್’ ಎಂಬ ಹಿಮಹಲಗೆಯ ಆಟಕ್ಕೆ ಚಕ್ರ ಕಟ್ಟಿದ್ದು ಎಂಬ ಇನ್ನೊಂದು ಜಾಣಮಾತಿದೆ. ಕಸರತ್ತಿಗೆ ವೇಗದ ಸಂಬಳ ಕೊಡುವ ಪದ್ಧತಿ ಅಲ್ಲಿಯದೇ, ಒಪ್ಪಿದೆ. ನನ್ನ ನಿಜವಾದ ತಕರಾರೂ ಅದೇ. ಬೆಟ್ಟದ ರಸ್ತೆಯಲ್ಲಿ ಸ್ಪರ್ಧೆಗಿಳಿದವನ ವಿದ್ಯೆ ಇರುವುದು ವೇಗ ಇಳಿಸುವುದರಲ್ಲಿ: ಕೈಗವಸಿನ ಪ್ಲಾಸ್ಟಿಕ್ ಬಿಲ್ಲೆಯನ್ನು ನೆಲಕ್ಕೂರಿ, ಹಲಗೆಯನ್ನು ಅಡ್ಡ ಜಾರಿಸಿ, ತಿರುವಿಗೆ ಬೇಕಾದಷ್ಟೇ ವೇಗ ಉಳಿಸಿಕೊಳ್ಳುವುದು. ಈ ಆಟ ಬಹುಮಾನ ಕೊಡುವುದೆಲ್ಲ ಇನ್ನಷ್ಟು ಓಡಿದ್ದಕ್ಕೆ. ಆದರೆ ‘ಎಸ್‌ಎಸ್‌ಎಕ್ಸ್’ ಹೆಸರೆತ್ತಿದವರು ಈ ಕೊರತೆಯನ್ನು ಹೇಳುವುದಿಲ್ಲ. ನೆಂಟಸ್ತಿಕೆ ಪತ್ತೆಹಚ್ಚಿದರೆ ವಿಮರ್ಶೆ ಮುಗಿಯಿತು ಎಂಬುದು ಅವರ ನಂಬಿಕೆ. ನಮ್ಮ ಕಾದಂಬರಿ ವಿಮರ್ಶಕರಲ್ಲೂ ಈ ಜಾತಿಯವರು ಧಾರಾಳವಾಗಿದ್ದಾರೆ.

ಇದು ಚಕ್ರ ಕಟ್ಟಿದ ‘ಎಸ್‌ಎಸ್‌ಎಕ್ಸ್’ ಅಷ್ಟೇ ಎನ್ನುವವರಿಗೆ ನನ್ನ ಉತ್ತರ 2007ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಅವತರಣಿಕೆ. ಎಡಿನ್‌ಬರೋ, ರಿಯೋಗಳ ಅದೇ ಇಳಿಜಾರುಗಳು, ಅದೇ ಹಳಸಿದ ಹಾಸ್ಯ. ನನಗೆ ಕಂಡ ಬದಲಾವಣೆ ಒಂದೇ: ವಾಲಿಸುವುದರ ಬದಲು ಹೆಬ್ಬೆರಳಿನಲ್ಲಿ ಕಡ್ಡಿ ತಳ್ಳುವುದು. ತಿರುವುಗಳು ನಿಖರವಾದವು, ತೂರಾಟ ನಿಂತಿತು, ಆಟ ಸತ್ತಿತು. ವೀಯಲ್ಲಿ ಆಡಿ ರೂಢಿಯಾಗಿದ್ದ ನನ್ನ ಅಕ್ಕನ ಮಗನ ಕೈಗೆ ಅದನ್ನು ಕೊಟ್ಟಾಗ, ಮೊದಲ ತಿರುವಿನಲ್ಲೇ ಅವನ ಭುಜ, ಮೊಣಕೈ, ಪ್ಯಾಡು ಎಲ್ಲ ಎಡಕ್ಕೆ ವಾಲಿದವು. ಸವಾರ ನೆಟ್ಟಗೆ ಹೋಗಿ ಗೋಡೆಗೆ ಬಡಿದ. “ಮಾಮ, ಇದು ಕೆಟ್ಟಿದೆ” ಎಂದು ಪ್ಯಾಡನ್ನು ನನ್ನ ಕೈಗೇ ಕೊಟ್ಟ.