ಮನೆಲೆಕ್ಕದ ತಂತ್ರಾಂಶ: ಆಯ್ಕೆಯ ತೊಡಕು, ಹೊಸ ಆವೃತ್ತಿಯ ತೊಡಕು

ಮನೆಯ ಜಮಾಖರ್ಚು ಇಡಲು ಇಂದು ತಂತ್ರಾಂಶಗಳಿಗೆ ಬರವಿಲ್ಲ. ಬರವಿರುವುದು ಅವುಗಳ ವಿಮರ್ಶೆಗೆ. ಇಂಥ ತಂತ್ರಾಂಶಗಳನ್ನು ಕುರಿತ ಬರಹಗಳಲ್ಲಿ ಬಣ್ಣಬಣ್ಣದ ನಕ್ಷೆಗಳೆಷ್ಟು, ಬೆಲೆಯೆಷ್ಟು, ಮೊಬೈಲಿನಲ್ಲಿ ನಡೆಯುತ್ತದೆಯೆ ಎಂಬ ವಿವರಗಳೇ ಹೆಚ್ಚು. ಪ್ರಯೋಗಾಲಯಕ್ಕೆ ಒಂದು ಅಳತೆಯ ಉಪಕರಣ ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳೇ ಬೇರೆ. ಇದು ಅಳೆಯುವುದೇನನ್ನು? ಇದರ ದೋಷ ಎಷ್ಟು? ತಪ್ಪು ತೋರಿಸಿದರೆ ನಮಗೆ ತಿಳಿಯುವುದು ಹೇಗೆ? ಇಂದು ಬರೆದಿಟ್ಟ ದಾಖಲೆಯನ್ನು ಹತ್ತು ವರ್ಷದ ನಂತರ ಓದಲು ಸಾಧ್ಯವೆ? ಗೌರಿಬಿದನೂರಿನ ಭೂಕಂಪ ಮಾಪನ ಕೇಂದ್ರ 1965ರಿಂದ ದಾಖಲೆ ಮಾಡುತ್ತ ಬಂದಿದೆ. ಹಳೆಯ ದಾಖಲೆಯನ್ನು ಹೊಸದರೊಡನೆ ಹೋಲಿಸಲಾಗದಿದ್ದರೆ ಅಂಥ ಕೇಂದ್ರದಿಂದ ಅರ್ಧ ಪ್ರಯೋಜನವೂ ಸಿಗದು. ಮನೆಲೆಕ್ಕವೂ ಹಾಗೆಯೇ. ಇದೇ ಪ್ರಶ್ನೆಗಳನ್ನು ಮನೆಲೆಕ್ಕದ ತಂತ್ರಾಂಶಕ್ಕೆ ಕೇಳಿ ನೋಡೋಣ.

ಮೊದಲನೆಯ ಪ್ರಶ್ನೆ: ಇದು ಅಳೆಯುವುದು ಯಾರ ಮನೆಯ ಹಣವನ್ನು? ಹೆಚ್ಚಿನ ತಂತ್ರಾಂಶಗಳ ಕಲ್ಪನೆಯಲ್ಲಿ ಮನೆಯೆಂದರೆ ತಿಂಗಳ ಮೊದಲ ದಿನ ಸಂಬಳ ಬರುವ ಮನೆ. ಅಧ್ಯಾಪಕರಾದ ನಮ್ಮಂಥವರಿಗೆ ಅದು ಹೊಂದುತ್ತದೆ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಿಮ್ಮ ತರಗತಿಯಲ್ಲಿ ಕುಳಿತಿರುವ ಎಷ್ಟು ವಿದ್ಯಾರ್ಥಿಗಳ ಮನೆಗೆ ಹೊಂದುತ್ತದೆ? ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯೊಂದನ್ನು ತೆಗೆದುಕೊಳ್ಳಿ. ವರ್ಷಕ್ಕೆ ಐದಾರು ಬೆಳೆ. ಚಾಕಿ ಹುಳು ತಂದ ದಿನದಿಂದ ಹುಳು ಹಣ್ಣಾಗಿ ಚಂದ್ರಿಕೆ ಏರುವವರೆಗೆ ಖರ್ಚೇ ಖರ್ಚು: ಹುಳುವಿನ ಬೆಲೆ, ಸೋಂಕು ನಿವಾರಕ, ಸೊಪ್ಪು ಕೊಯ್ಯುವ ಆಳಿನ ಕೂಲಿ. ಗೂಡು ಮಾರುಕಟ್ಟೆಯಲ್ಲಿ ಲಾಟು ಹರಾಜಾದ ಮೇಲೆ ಒಂದೇ ಸಲಕ್ಕೆ ಹಣ. ಒಂದು ಬೆಳೆಗೆ 30,000 ರೂಪಾಯಿ ಖರ್ಚಾಗಿ, ಗೂಡಿನಿಂದ 1,00,000 ರೂಪಾಯಿ ಬಂತೆಂದುಕೊಳ್ಳಿ. ಖರ್ಚು ಜೂನ್‌ನಲ್ಲಿ, ಹಣ ಜುಲೈ 2ಕ್ಕೆ. ತಿಂಗಳ ಲೆಕ್ಕದ ತಂತ್ರಾಂಶ ಜೂನ್‌ನಲ್ಲಿ ಕೆಂಪು ಪಟ್ಟಿ ತೋರಿಸಿ ಗದರಿಸುತ್ತದೆ, ಜುಲೈನಲ್ಲಿ ಹಸಿರು ತೋರಿಸಿ ಬೆನ್ನು ತಟ್ಟುತ್ತದೆ. ಎರಡೂ ಅರ್ಥವಿಲ್ಲದ ಮಾತು. ಮನೆಯವರಿಗೆ ಬೇಕಾದದ್ದು ಈ ಬೆಳೆಯಲ್ಲಿ ಉಳಿದದ್ದು 70,000, ಹಿಂದಿನ ಬೆಳೆಯಲ್ಲಿ ಎಷ್ಟು ಎಂಬ ಹೋಲಿಕೆ. ಚಿಂತಾಮಣಿಯ ಟೊಮ್ಯಾಟೊ ಬೆಳೆಗಾರರಿಗೂ ಇದೇ ಮಾತು. ಲೆಕ್ಕದ ಅವಧಿಯನ್ನು ತಿಂಗಳಿಗೆ ಕಟ್ಟಿಹಾಕದೆ ಬೆಳೆಗೆ ಕಟ್ಟಲು ಬಿಡದ ತಂತ್ರಾಂಶ ಈ ನಾಲ್ಕು ತಾಲ್ಲೂಕುಗಳ ಬಹಳಷ್ಟು ಮನೆಗಳಿಗೆ ನಿರುಪಯೋಗಿ.

ಎರಡನೆಯದು, ತಪ್ಪು ತಿಳಿಯುವ ಬಗೆ. ಮೊಬೈಲಿನಲ್ಲಿ ಸಿಗುವ ಬಹುಪಾಲು ಆನ್ವಯಿಕಗಳು ಒಂಟಿ ನಮೂದಿನವು. ಬಂದದ್ದು ಆದಾಯ, ಹೋದದ್ದು ವೆಚ್ಚ, ಅಷ್ಟೆ. ಒಡವೆ ಅಡವಿಟ್ಟು 60,000 ರೂಪಾಯಿ ಸಾಲ ತಂದರೆ ಅದು ಆ ತಿಂಗಳ ಆದಾಯವೆಂದು ಕಾಣುತ್ತದೆ! ಮನೆ ಮುಳುಗುತ್ತಿರುವಾಗ ತಂತ್ರಾಂಶ ಹಸಿರು ತೋರಿಸುತ್ತಿರುತ್ತದೆ. ಮುಂದೆ 5,000 ರೂಪಾಯಿಯ ಕಂತು ಕಟ್ಟಿದಾಗ ಅದರಲ್ಲಿ ಬಡ್ಡಿ 600, ಅಸಲು 4,400 ಇದ್ದರೂ ಐದು ಸಾವಿರವೂ ವೆಚ್ಚವೆಂದೇ ದಾಖಲಾಗುತ್ತದೆ. ಮೊದಲ ದಿನ 60,000 ಹೆಚ್ಚು, ನಂತರ ಪ್ರತಿ ಕಂತಿನಲ್ಲೂ 4,400 ಕಡಿಮೆ. ಹೀಗೆ ಎರಡು ಕಡೆಯೂ ಸುಳ್ಳು.

ದ್ವಿನಮೂದು ಪದ್ಧತಿಯಲ್ಲಿ ಈ ತೊಂದರೆಯಿಲ್ಲ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ಕಿರ್ಚಾಫ್‌ನ ಮೊದಲ ನಿಯಮದ ಮೂಲಕ ಹೇಳಿದರೆ ಬೇಗ ಹಿಡಿಸುತ್ತದೆ. ವಿದ್ಯುನ್ಮಂಡಲದ ಒಂದು ಸಂಧಿಗೆ ಹರಿದು ಬರುವ ಹಾಗೂ ಅಲ್ಲಿಂದ ಹರಿದು ಹೋಗುವ ವಿದ್ಯುತ್ಪ್ರವಾಹಗಳ ಬೀಜಗಣಿತೀಯ ಮೊತ್ತ ಸೊನ್ನೆ. ಏಕೆಂದರೆ ಸಂಧಿಯಲ್ಲಿ ವಿದ್ಯುದಂಶ ಹುಟ್ಟುವುದೂ ಇಲ್ಲ, ಕಾಣೆಯಾಗುವುದೂ ಇಲ್ಲ. ಲೆಕ್ಕದಲ್ಲಿ ಪ್ರತಿಯೊಂದು ವ್ಯವಹಾರವೂ ಅಂಥ ಒಂದು ಸಂಧಿ. ಬ್ಯಾಂಕ್ ಖಾತೆಗೆ 60,000 ಸೇರಿದರೆ ಸಾಲದ ಖಾತೆಯಲ್ಲಿ ಅಷ್ಟೇ ಹೊರೆ ಏರಬೇಕು. ಮನೆಯ ನಿವ್ವಳ ಆಸ್ತಿಯಲ್ಲಿ ಬದಲಾವಣೆ ಸೊನ್ನೆ. ವೆನಿಸ್‌ನಲ್ಲಿ 1494ರಲ್ಲಿ ಅಚ್ಚಾದ ಗಣಿತ ಗ್ರಂಥದಲ್ಲಿ ಲೂಕಾ ಪಾಚಿಯೋಲಿ ಇದನ್ನು ವಿವರಿಸಿದ. ಕಂಡುಹಿಡಿದವನು ಅವನಲ್ಲ, ವರ್ತಕರು ಆಗಲೇ ಬಳಸುತ್ತಿದ್ದುದನ್ನು ಬರೆದಿಟ್ಟ. ನಮ್ಮ ಅಂಗಡಿಗಳ ರೋಜು ಕಿರ್ದಿ, ಖಾತೆ ಪುಸ್ತಕಗಳನ್ನು ನೋಡಿದವರಿಗೆ ಈ ವಿಚಾರ ತೀರ ಅಪರಿಚಿತವೇನಲ್ಲ.

ಆದರೆ ಈ ನಿಯಮದ ಮಿತಿಯೂ ತಿಳಿದಿರಲಿ. ಬರೆಯಲು ಮರೆತ ವ್ಯವಹಾರವನ್ನು ದ್ವಿನಮೂದು ಹಿಡಿಯದು. ಕೂಲಿಯನ್ನು ಗೊಬ್ಬರದ ಖಾತೆಗೆ ಬರೆದರೂ ಹಿಡಿಯದು. ಅದು ಹಿಡಿಯುವುದು ಅರ್ಧ ಬರೆದ ಲೆಕ್ಕವನ್ನು ಮಾತ್ರ.

ಇಲ್ಲಿಯೇ ಮುಯ್ಯಿಯ ವಿಷಯ ಹೇಳಿಬಿಡುತ್ತೇನೆ. ಮದುವೆ ಮನೆಯಲ್ಲಿ ಬಂದ ಮುಯ್ಯಿಯನ್ನು ಹೆಸರಿಡಿದು ಪುಸ್ತಕದಲ್ಲಿ ಬರೆದಿಡುವ ರೂಢಿ ನಮ್ಮ ಕಡೆ ಇನ್ನೂ ಇದೆ. ಅದು ಉಡುಗೊರೆಯೆ, ಸಾಲವೆ? ಬಡ್ಡಿಯಿಲ್ಲ, ಗಡುವಿಲ್ಲ, ಆದರೆ ತೀರಿಸದಿದ್ದರೆ ಮರ್ಯಾದೆಯಿಲ್ಲ. ಯಾವ ತಂತ್ರಾಂಶದ ಸಿದ್ಧ ಪಟ್ಟಿಯಲ್ಲೂ ಇದಕ್ಕೆ ಜಾಗ ಕಾಣದು. ಒಂಟಿ ನಮೂದಿನ ತಂತ್ರಾಂಶದಲ್ಲಿ ಇದು ಆದಾಯವಾಗಿ ಕೊಚ್ಚಿಹೋಗುತ್ತದೆ. ದ್ವಿನಮೂದಿನಲ್ಲಿ ‘ತೀರಿಸಬೇಕಾದ ಮುಯ್ಯಿ’ ಎಂದು ಒಂದು ಹೊಣೆಯ ಖಾತೆ ತೆರೆದರೆ ಮುಗಿಯಿತು. ತೀರಿಸುವಾಗ ಮೇಲೆ ಎಷ್ಟು ಸೇರಿಸಬೇಕೆಂಬುದನ್ನು ಮಾತ್ರ ಮನೆಯ ಹಿರಿಯರನ್ನೇ ಕೇಳಬೇಕು.

ಮೂರನೆಯದು ಅಂಕೆಗಳ ದೋಷ. ಗಣಕದಲ್ಲಿ ಪೈಥಾನ್ ಇದ್ದರೆ 0.1 + 0.2 ಎಂದು ಬರೆದು ನೋಡಿ. 0.30000000000000004 ಎಂಬ ಉತ್ತರ ಬರುತ್ತದೆ. ಹತ್ತು ಪೈಸೆಗೆ ಇಪ್ಪತ್ತು ಪೈಸೆ ಸೇರಿಸಿದರೆ ಮೂವತ್ತಾಗದು! ಕಾರಣ ಸರಳ. ಗಣಕ ಭಿನ್ನರಾಶಿಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಡುತ್ತದೆ. ಛೇದದಲ್ಲಿ 5 ಎಂಬ ಅಪವರ್ತನವಿದ್ದರೆ ಅದು ದ್ವಿಮಾನದಲ್ಲಿ ಮುಗಿಯದ ಭಿನ್ನವಾಗುತ್ತದೆ. ದಶಮಾನದಲ್ಲಿ ಮೂರನೆಯ ಒಂದು ಭಾಗ ಮುಗಿಯದಂತೆ. ಸೊನ್ನೆಯಿಂದ 99ರವರೆಗಿನ ನೂರು ಪೈಸೆ ಮೌಲ್ಯಗಳಲ್ಲಿ 0, 25, 50, 75 ಈ ನಾಲ್ಕನ್ನು ಮಾತ್ರ ನಿಖರವಾಗಿ ಬರೆಯಲು ಸಾಧ್ಯ. (ಈ ನಾಲ್ಕರಲ್ಲಿ ಒಂದಾದ 25 ಪೈಸೆಯ ನಾಣ್ಯವೂ 2011ರ ಜೂನ್ ಅಂತ್ಯಕ್ಕೆ ಚಲಾವಣೆಯಿಂದ ಹೋಯಿತು.) ಈ ದೋಷದಿಂದ ಯಾರ ಮನೆಯೂ ದಿವಾಳಿಯಾಗದು. ತೊಂದರೆ ಬರುವುದು ‘ಎರಡೂ ಕಡೆ ಸಮವೆ?’ ಎಂದು ತಂತ್ರಾಂಶ ಪರೀಕ್ಷಿಸುವಾಗ. ಸಮವಿದ್ದರೂ ಸಮವಿಲ್ಲವೆಂಬ ಉತ್ತರ ಬರಬಹುದು. ಒಳ್ಳೆಯ ತಂತ್ರಾಂಶಗಳು ಹಣವನ್ನು ಪೂರ್ಣಾಂಕಗಳಲ್ಲಿ ಇಡುತ್ತವೆ. ಗ್ನೂಕ್ಯಾಶ್ ಎಂಬ ತಂತ್ರಾಂಶ ಪ್ರತಿ ಮೊತ್ತವನ್ನೂ ಅಂಶ, ಛೇದ ಎಂಬ ಎರಡು ಪೂರ್ಣಾಂಕಗಳಾಗಿ ಇಡುತ್ತದೆ. ಇಂಥ ವಿವರವನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ.

ಈಗ ಹೊಸ ಆವೃತ್ತಿಯ ವಿಷಯ. ನನ್ನ ಮಟ್ಟಿಗೆ ಆಯ್ಕೆಗಿಂತ ಇದೇ ಹೆಚ್ಚು ಗಂಭೀರ. ತಂತ್ರಾಂಶವನ್ನು ಒಂದು ಸಲ ಆರಿಸುತ್ತೀರಿ. ಆವೃತ್ತಿಯನ್ನು ಮತ್ತೆ ಮತ್ತೆ ಬದಲಿಸುತ್ತೀರಿ. ಕೆಲವೊಮ್ಮೆ ತಂತ್ರಾಂಶವೇ ನಿಮ್ಮನ್ನು ಬಿಟ್ಟು ಹೋಗುತ್ತದೆ. ಮೈಕ್ರೋಸಾಫ್ಟ್ ಮನಿ 1991ರಲ್ಲಿ ಬಂತು, 2009ರಲ್ಲಿ ಅದರ ಮಾರಾಟ ನಿಂತಿತು. ಹಳೆಯ ಬಳಕೆದಾರರಿಗಾಗಿ ಕಂಪನಿ 2010ರಲ್ಲಿ ‘ಸನ್‌ಸೆಟ್’ ಎಂಬ ಉಚಿತ ಆವೃತ್ತಿ ಕೊಟ್ಟಿತು. ಹೆಸರಿನಲ್ಲೇ ಸೂರ್ಯಾಸ್ತ, ಅಷ್ಟಾದರೂ ಸೌಜನ್ಯ ತೋರಿತಲ್ಲ ಎನ್ನಬೇಕು. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ಮಿಂಟ್ 2007ರಲ್ಲಿ ಆರಂಭವಾಗಿ 2024ರಲ್ಲಿ ಮುಚ್ಚಿತು. 1980ರ ದಶಕದಿಂದಲೂ ಇರುವ ಕ್ವಿಕನ್ ತನ್ನ 2018ರ ಆವೃತ್ತಿಯಿಂದ ವಾರ್ಷಿಕ ಚಂದಾ ಪದ್ಧತಿಗೆ ಹೋಯಿತು. ಮನೆಲೆಕ್ಕದ ಆಯುಸ್ಸು ಮೂವತ್ತು ನಲವತ್ತು ವರ್ಷ. ಅನೇಕ ತಂತ್ರಾಂಶಗಳ ಆಯುಸ್ಸು ಅಷ್ಟಿರದು. ಆದ್ದರಿಂದ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ: ನನ್ನ ಲೆಕ್ಕವನ್ನು ಇದರಿಂದ ಹೊರತೆಗೆಯುವ ದಾರಿ ಯಾವುದು?

ಕನ್ನಡದಲ್ಲಿ ಲೆಕ್ಕವಿಟ್ಟವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರಬೇಕು. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಕೋಷ್ಟಕ ಮಾಡಿಟ್ಟುಕೊಂಡವರ ಕಡತದ ಒಳಗೆ ಇರುವುದು ನಿಜವಾಗಿ ರೋಮನ್ ಅಕ್ಷರಗಳು. ಕನ್ನಡವಾಗಿ ತೋರಿಸುವುದು ಅಕ್ಷರಶೈಲಿ ಮಾತ್ರ. ಆ ಶೈಲಿಯಿಲ್ಲದ ಹೊಸ ಗಣಕದಲ್ಲಿ ತೆರೆದರೆ ‘ಹಿಪ್ಪುನೇರಳೆ ಸೊಪ್ಪು’ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳದವರು ಇನ್ನಾದರೂ ಪರಿವರ್ತಿಸಿಕೊಳ್ಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅನೇಕ ಮನೆ, ಶಾಲೆಗಳಲ್ಲಿ ಗಣಕ ಬದಲಾಗುತ್ತಿದೆ. ಕಡತಗಳು ಕಳೆದುಹೋಗುವುದು ಇಂಥ ಸಮಯದಲ್ಲೇ.

ದಿನಾಂಕದ ಬಲೆಯೊಂದಿದೆ. ಒಂದು ತಂತ್ರಾಂಶದಿಂದ ತೆಗೆದ ಲೆಕ್ಕವನ್ನು ಇನ್ನೊಂದಕ್ಕೆ ತುಂಬುವಾಗ ಅಮೆರಿಕದ ತಂತ್ರಾಂಶ ತಿಂಗಳನ್ನು ಮೊದಲು ಓದುತ್ತದೆ, ನಾವು ದಿನವನ್ನು ಮೊದಲು ಬರೆದಿರುತ್ತೇವೆ. 25/04 ಎಂದಿದ್ದರೆ ಇಪ್ಪತ್ತೈದನೆಯ ತಿಂಗಳಿಲ್ಲವಾದ್ದರಿಂದ ತಪ್ಪು ಸಿಕ್ಕಿಬೀಳುತ್ತದೆ. 05/04 ಎಂದಿದ್ದರೆ ಏಪ್ರಿಲ್ 5 ಸದ್ದಿಲ್ಲದೆ ಮೇ 4 ಆಗುತ್ತದೆ. ವರ್ಷದ 365 ದಿನಗಳಲ್ಲಿ ಎಷ್ಟಕ್ಕೆ ಹೀಗಾಗುತ್ತದೆ? ಪ್ರತಿ ತಿಂಗಳ ಮೊದಲ 12 ದಿನಗಳು, ಒಟ್ಟು 144. ಅದರಲ್ಲಿ 01/01, 02/02 ಮುಂತಾದ 12 ದಿನಗಳು ಹೇಗೆ ಓದಿದರೂ ಒಂದೇ. ಉಳಿದ 132 ದಿನಗಳು ಗುಟ್ಟಾಗಿ ಬದಲಾಗುತ್ತವೆ. 221 ದಿನಗಳು ಮಾತ್ರ ತಪ್ಪೆಂದು ಕೂಗುತ್ತವೆ. ಏಪ್ರಿಲ್ 1ಕ್ಕೆ ಆರ್ಥಿಕ ವರ್ಷ ಆರಂಭವಾಗುವ ನಮಗೆ ಇದು ಸಣ್ಣ ವಿಷಯವಲ್ಲ: ಏಪ್ರಿಲ್ 1 ಜನವರಿ 4 ಆಗಿ ಹಿಂದಿನ ವರ್ಷಕ್ಕೆ ಜಾರುತ್ತದೆ. ವರ್ಷವನ್ನು ಮೊದಲಿಟ್ಟು, ನಂತರ ತಿಂಗಳು, ನಂತರ ದಿನ ಎಂದು ಬರೆದರೆ ಗೊಂದಲವಿಲ್ಲ.

ಸಂದೇಶ ಓದಿ ತಾನೇ ಲೆಕ್ಕ ಬರೆದುಕೊಳ್ಳುವ ಮೊಬೈಲ್ ಆನ್ವಯಿಕಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಬ್ಯಾಂಕಿನ ಸಂದೇಶ ಬಂದದ್ದಷ್ಟೇ ಅವಕ್ಕೆ ಕಾಣುತ್ತದೆ. ಸಂತೆಯ ಖರ್ಚು, ಆಳಿಗೆ ಕೊಟ್ಟ ನಗದು, ಕೈಸಾಲ ಕಾಣದು. ಜೊತೆಗೆ, ಉಚಿತವಾಗಿ ಕೊಡುವವರಿಗೆ ಲಾಭ ಎಲ್ಲಿಂದ ಎಂದು ಕೇಳಬೇಡವೆ? ಇಂಥವುಗಳಲ್ಲಿ ಜನಪ್ರಿಯವಾಗಿದ್ದ ವಾಲ್‌ನಟ್ ಅನ್ನು 2018ರಲ್ಲಿ ಕೊಂಡದ್ದು ಕ್ಯಾಪಿಟಲ್ ಫ್ಲೋಟ್ ಎಂಬ ಸಾಲ ಕೊಡುವ ಸಂಸ್ಥೆ. ಅದೇ ವರ್ಷ ಗೂಗಲ್ ಸಂದೇಶ ಓದುವ ಅನುಮತಿಯನ್ನು ಬಿಗಿಗೊಳಿಸಿತು, ಆದರೆ ಹಣದ ಲೆಕ್ಕದ ಆನ್ವಯಿಕಗಳಿಗೆ ವಿನಾಯಿತಿಯ ಬಾಗಿಲು ತೆರೆದೇ ಇಟ್ಟಿತು. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಮಾಡಿ, 2021ರಲ್ಲಿ ಬಳಕೆಗೆ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಇದಕ್ಕಿಂತ ಮೇಲು. ಅಲ್ಲಿ ಯಾವ ಮಾಹಿತಿ, ಯಾರಿಗೆ, ಎಷ್ಟು ಕಾಲ ಎಂಬುದಕ್ಕೆ ನಿಮ್ಮ ಒಪ್ಪಿಗೆ ಬೇಕು, ಅದನ್ನು ಹಿಂಪಡೆಯಲೂಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನಿಸುವುದನ್ನು ಕಲಿಸಿದ್ದು ಪವಾಡಗಳ ವಿಷಯದಲ್ಲಿ ಮಾತ್ರವಲ್ಲ. ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುವ ಮುನ್ನವೂ ಆ ಪಾಠ ನೆನಪಾಗಲಿ.

ಹಾಗಾದರೆ ಯಾವುದನ್ನು ಆರಿಸಬೇಕು? ಗಣಕದ ಮುಂದೆ ವಾರಕ್ಕೆ ಅರ್ಧ ಗಂಟೆ ಕೂರಬಲ್ಲವರಿಗೆ ಗ್ನೂಕ್ಯಾಶ್. 1998ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಬಂತು. ಇದು ಮುಕ್ತ ತಂತ್ರಾಂಶ. ಲಿನಕ್ಸ್, ವಿಂಡೋಸ್ ಎರಡರಲ್ಲೂ ನಡೆಯುತ್ತದೆ. ಪ್ರತಿ ಬೆಳೆಗೆ ಒಂದು ಉಪಖಾತೆ ತೆರೆಯಬಹುದು, ಖಾತೆಗಳಿಗೆ ಕನ್ನಡದ ಹೆಸರಿಡಬಹುದು. ಅದರ ಕೊರತೆಯೆಂದರೆ ಮೊದಲ ವಾರ ಅದು ಬಳಕೆದಾರರನ್ನು ಹೆದರಿಸುತ್ತದೆ. ಖಾತೆಗಳ ಮರವನ್ನು ಕಂಡು ಅನೇಕರು ಅಲ್ಲೇ ಬಿಡುತ್ತಾರೆ. ಹೋಮ್‌ಬ್ಯಾಂಕ್ ಇದಕ್ಕಿಂತ ಸರಳ, ಸಂಬಳದ ಮನೆಗೆ ಸಾಕು. ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿಯನ್ನು ವಾಣಿಜ್ಯ ವಿದ್ಯಾರ್ಥಿಗಳು ಬಲ್ಲರು, ಆದರೆ ಅದು ವ್ಯಾಪಾರಕ್ಕೆ ಮಾಡಿದ್ದು. ಮನೆಗೆ ತರುವುದು ತರಕಾರಿ ತೂಗಲು ಲಾರಿಯ ತಕ್ಕಡಿ ತಂದಂತೆ. ಲಿಬ್ರೆಆಫೀಸ್‌ನ ಕೋಷ್ಟಕವೂ ಆಗಬಹುದು, ತಪ್ಪು ಹಿಡಿಯುವ ಹೊಣೆ ನಿಮ್ಮದು. ಗಣಕವೇ ಇಲ್ಲದ ಮನೆಯಲ್ಲಿ ಇನ್ನೂರು ಪುಟದ ಪುಸ್ತಕಕ್ಕೆ ಸಮನಾದದ್ದು ಇಂದಿಗೂ ಇಲ್ಲ. ಅದಕ್ಕೆ ಹೊಸ ಆವೃತ್ತಿಯ ಕಾಟವಿಲ್ಲ.

ಈಗಾಗಲೇ ಬಳಸುತ್ತಿರುವವರು ಹೊಸ ಆವೃತ್ತಿಗೆ ಹೋಗುವ ಮುನ್ನ ಕಡತದ ನಕಲೊಂದನ್ನು ಪೆನ್‌ಡ್ರೈವ್‌ಗೆ ಹಾಕಿ. ಹೊಸ ಆವೃತ್ತಿ ಉಳಿಸಿದ ಕಡತವನ್ನು ಹಳೆಯದು ತೆರೆಯಲಾರದಿರುವುದು ಸಾಮಾನ್ಯ. ಹಿಂದಿರುಗುವ ದಾರಿ ಆ ನಕಲೊಂದೇ. ಬಹಳ ಹಳೆಯ ಕಡತವಾದರೆ ಒಂದೇ ನೆಗೆತಕ್ಕೆ ಇತ್ತೀಚಿನ ಆವೃತ್ತಿಗೆ ಹೋಗದೆ ನಡುವಿನ ಆವೃತ್ತಿಗಳ ಮೂಲಕ ಹೋಗುವುದು ಕ್ಷೇಮ. ಎಲ್ಲ ಖಾತೆಗಳ ಶಿಲ್ಕನ್ನು ಬದಲಾವಣೆಗೆ ಮೊದಲು ಕಾಗದದಲ್ಲಿ ಬರೆದುಕೊಂಡು, ನಂತರ ಒಂದೊಂದಾಗಿ ತಾಳೆ ನೋಡಿ. ಒಟ್ಟು ಮೊತ್ತ ಮಾತ್ರ ನೋಡಿದರೆ ಸಾಲದು, ಎರಡು ತಪ್ಪುಗಳು ಒಂದನ್ನೊಂದು ಅಳಿಸಿರಬಹುದು. ಹಳೆಯ ಆವೃತ್ತಿಯನ್ನು ಕೂಡಲೇ ತೆಗೆದುಹಾಕದೆ ಒಂದು ಬೆಳೆ ಮುಗಿಯುವವರೆಗೆ, ಸಂಬಳದ ಮನೆಯಾದರೆ ಎರಡು ತಿಂಗಳು, ಜೊತೆಯಲ್ಲಿಡಿ. ಪ್ರತಿ ಮಾರ್ಚ್ 31ಕ್ಕೆ ಶಿಲ್ಕುಪಟ್ಟಿಯನ್ನು ಮುದ್ರಿಸಿ, ದಿನಾಂಕದೊಡನೆ ತಂತ್ರಾಂಶದ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಅದರ ಮೇಲೆ ಕೈಬರಹದಲ್ಲಿ ಬರೆದು, ಮುಯ್ಯಿ ಪುಸ್ತಕ ಇಡುವ ಪೆಟ್ಟಿಗೆಯಲ್ಲೇ ಇಟ್ಟುಬಿಡಿ.