‘ದ್ವೀಪ’ದಲ್ಲಿ ಮುಳುಗಿದ್ದು ಯಾವುದು?

ನಿರಾಶ್ರಿತರು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಂಟುಮೂಟೆ ಹೊತ್ತು ಗಡಿ ದಾಟುವ ಜನ. 1947ರ ದೇಶವಿಭಜನೆ ಆ ಚಿತ್ರವನ್ನು ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿದೆ. ಆದರೆ ಮನೆ ಕಳೆದುಕೊಂಡವರನ್ನು ಕುರಿತು ಕನ್ನಡದಲ್ಲಿ ಬಂದ ಕಾದಂಬರಿಗಳಲ್ಲಿ ನಾನು ಬಹಳ ಎತ್ತರದಲ್ಲಿಡುವ ಒಂದು ಕೃತಿಯಲ್ಲಿ ಯಾರೂ ಯಾವ ಗಡಿಯನ್ನೂ ದಾಟುವುದಿಲ್ಲ. ಅಲ್ಲಿ ಮನುಷ್ಯ ತನ್ನ ಮನೆಯಲ್ಲಿ ಇದ್ದಂತೆಯೇ ನಿರಾಶ್ರಿತನಾಗುತ್ತಾನೆ. ಅದು ನಾ. ಡಿಸೋಜರ ‘ದ್ವೀಪ’.

ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಹಿನ್ನೀರು ಸಾಗರ ಸೀಮೆಯ ಊರುಗಳನ್ನೂ ತೋಟಗಳನ್ನೂ ನುಂಗಿತು. ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೆಯೇ ಆ ನೀರಿನಲ್ಲಿ ಮುಳುಗಿತೆಂದ ಮೇಲೆ ಬಡವರ ಮನೆಗಳ ಮಾತೇನು! ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯ ನಡುವೆಯೇ ಬಾಳಿದವರು. ಸರ್ಕಾರದ ಕಡತದ ಭಾಷೆಯನ್ನೂ, ಆ ಕಡತಕ್ಕೆ ಸಿಕ್ಕಿಬಿದ್ದವರ ಭಾಷೆಯನ್ನೂ ಒಟ್ಟಿಗೆ ಬಲ್ಲ ಲೇಖಕರು ನಮ್ಮಲ್ಲಿ ಅಪರೂಪ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ‘ಮುಳುಗಡೆಯ ಸಾಹಿತಿ’ ಎಂಬ ಬಿರುದು ಮತ್ತೆ ಮತ್ತೆ ಕಂಡಿತು. ಬಿರುದು ಸುಳ್ಳಲ್ಲ, ಆದರೆ ಅದು ಈ ಕಾದಂಬರಿಗೆ ಸಾಲದು.

ಕಥೆ ಸಣ್ಣದು. ಗಣಪಯ್ಯ, ಅವನ ಹೆಂಡತಿ ನಾಗವೇಣಿ, ಮುದುಕನಾದ ತಂದೆ ದುಗ್ಗಜ್ಜ. ನೆರೆಯವರು ಪರಿಹಾರ ಪಡೆದು ಊರು ಬಿಡುತ್ತಾರೆ. ಇವರು ಉಳಿಯುತ್ತಾರೆ. ಮಳೆಗಾಲ ಹಿಡಿದು ನೀರು ಏರುತ್ತದೆ, ಇವರ ಗುಡ್ಡ ದ್ವೀಪವಾಗುತ್ತದೆ. ನಾಗವೇಣಿಯ ತವರಿನ ಕಡೆಯ ಕೃಷ್ಣಯ್ಯ ನೆರವಿಗೆಂದು ಬರುತ್ತಾನೆ. ಗಣಪಯ್ಯನ ಮನಸ್ಸಿನಲ್ಲಿ ಸಂಶಯ ಹುಟ್ಟುತ್ತದೆ. ಮುಂದಿನದನ್ನು ಓದುಗರೇ ಓದಿಕೊಳ್ಳಲಿ.

ಅಣೆಕಟ್ಟನ್ನು ಬೈಯುವುದಕ್ಕೆಂದೇ ಹೊರಟ ಲೇಖಕರಾಗಿದ್ದರೆ ಕೃಷ್ಣಯ್ಯನ ಅವಶ್ಯಕತೆಯೇ ಇರಲಿಲ್ಲ. ನೀರು, ಅಧಿಕಾರಿ, ಅಸಹಾಯ ರೈತ, ಇಷ್ಟು ಸಾಕಾಗುತ್ತಿತ್ತು. ಡಿಸೋಜರು ಕಂಡದ್ದು ಬೇರೆ. ಗಂಡಹೆಂಡಿರ ಪ್ರೀತಿ ಇಬ್ಬರದೇ ಸ್ವತ್ತು ಎಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದನ್ನು ಎತ್ತಿಹಿಡಿದಿರುವುದು ನೆರೆಮನೆ, ಸಂತೆ, ಜಾತ್ರೆ, ಕಡ ತಂದ ಹಿಟ್ಟು, ಬಾವಿಕಟ್ಟೆಯ ಹರಟೆ. ಗಂಡನ ಮೇಲೆ ಮುನಿಸಾದರೆ ಹೋಗಿ ಕೂಡುವುದಕ್ಕೆ ಒಂದು ಪಕ್ಕದ ಮನೆ ಬೇಕು. ಹೆಂಡತಿಯ ಮೇಲೆ ಸಿಟ್ಟು ಬಂದರೆ ಹೊರಗೆ ಹೋಗಿ ಬರುವುದಕ್ಕೆ ಒಂದು ಊರು ಬೇಕು. ಆ ಊರೇ ಇಲ್ಲವಾದಾಗ ಸಣ್ಣ ನಗೆಯೊಂದು ಅಪರಾಧವಾಗುತ್ತದೆ, ಒಂದು ಹೊತ್ತಿನ ಮೌನ ಸಾಕ್ಷಿಯಾಗುತ್ತದೆ. ಗಣಪಯ್ಯ ಕೆಟ್ಟವನಲ್ಲ. ಹೊಲಮನೆ ಕೈಬಿಟ್ಟು ಹೋಗುವಾಗ ತನ್ನದೆಂದು ಹಿಡಿದುಕೊಳ್ಳಲು ಅವನಿಗೆ ಉಳಿದಿರುವುದು ಹೆಂಡತಿಯೊಬ್ಬಳೇ. ಹಿಡಿತ ಬಿಗಿಯಾದಷ್ಟೂ ಅವಳು ದೂರವಾಗುತ್ತಾಳೆ. ಸರ್ಕಾರದ ಯಾವ ಪರಿಹಾರದ ಪಟ್ಟಿಯಲ್ಲಿ ಈ ನಷ್ಟಕ್ಕೆ ಕಲಮು ಇದೆ?

ನಮ್ಮ ಗುತ್ತಲದಂಥ ಬಯಲುಸೀಮೆಯ ಊರಿನಲ್ಲಿ ಈ ಪುಸ್ತಕವನ್ನು ಓದುವುದೇ ಒಂದು ಕಷ್ಟ. ಜೋಳ, ಹತ್ತಿ, ಮೆಣಸಿನಕಾಯಿ ಬೆಳೆದು ಮುಗಿಲ ಕಡೆ ನೋಡುವವರು ನಾವು. ನೀರು ಬಂತೆಂದರೆ ನಮಗೆ ಹಬ್ಬ. ಇಲ್ಲಿ ನೀರು ಬರುವುದೆಂದರೆ ಮನೆಗೆ ವೈರಿ ಬಂದಂತೆ. ಇನ್ನೊಂದು ಮಾತು: ಶರಾವತಿಯ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟ್. ನಾಡಿನ ದೀಪಗಳಿಗೂ ಪಂಪುಗಳಿಗೂ ಅದರ ಪಾಲು ಸಂದಿದೆ. ಅಂದಮೇಲೆ ನಾವು ಈ ಕಥೆಯ ಹೊರಗೆ ನಿಂತ ಓದುಗರಲ್ಲ.

ನಮ್ಮ ಹಾವೇರಿ ಸೀಮೆಯವರೇ ಆದ ಗಳಗನಾಥರು 1923ರಲ್ಲಿ ‘ಮಾಧವ ಕರುಣಾ ವಿಲಾಸ’ವನ್ನು ಪ್ರಕಟಿಸಿದರು. ಅಲ್ಲಿಯೂ ನೆಲೆ ತಪ್ಪಿದ ಜನರಿದ್ದಾರೆ. ಆದರೆ ಆ ಕಾದಂಬರಿಯಲ್ಲಿ ಹಾಳಾದದ್ದರ ಮೇಲೆ ವಿಜಯನಗರ ಎದ್ದು ನಿಲ್ಲುತ್ತದೆ. ನೋವಿಗೆ ಬೆಲೆ ಸಿಗುತ್ತದೆ. ಗುತ್ತಲದ ಗುತ್ತ ಅರಸರಂತೂ ತಾವು ಉಜ್ಜಯಿನಿಯ ವಂಶದವರೆಂದು ಶಾಸನಗಳಲ್ಲಿ ಹೇಳಿಕೊಂಡರು. ಬಿಟ್ಟುಬಂದ ಊರಿನ ಹೆಸರೇ ಅವರಿಗೆ ಬಿರುದಾಯಿತು. ಅರಸರಿಗೆ ಅದು ಸಾಧ್ಯ. ಗಣಪಯ್ಯನಿಗೆ ಅಂಥ ಬಿರುದು ಕೊಡುವವರು ಯಾರು? ಅವನ ಊರು ಹೋದ ಮೇಲೆ ಏಳುವ ವೈಭವ ಬೇರೆಯವರದು. ಗಳಗನಾಥರ ಕಾಲದ ಭರವಸೆಗೂ ಡಿಸೋಜರ ಮೌನಕ್ಕೂ ಇರುವ ಅಂತರ ಇದು.

ಕೃತಿಯಲ್ಲಿ ಕೊರತೆಗಳಿಲ್ಲದೆ ಇಲ್ಲ. ಕೃಷ್ಣಯ್ಯನ ಒಳಮನಸ್ಸು ನಮಗೆ ಸಾಕಷ್ಟು ತೆರೆದುಕೊಳ್ಳುವುದಿಲ್ಲ. ಅವನು ಸಂಶಯವನ್ನು ಹುಟ್ಟಿಸುವುದಕ್ಕೆ ಬೇಕಾದಷ್ಟೇ ಇದ್ದಾನೆ. ಮೊದಲೇ ಊರು ಬಿಟ್ಟವರ ಪಾಡೇನಾಯಿತೆಂದು ಲೇಖಕರು ಹಿಂಬಾಲಿಸಿ ಹೋಗುವುದಿಲ್ಲ. ಗದ್ಯ ಕೆಲವೆಡೆ ವರದಿಯಷ್ಟು ಸಪ್ಪೆ. ಆದರೂ ಆ ಸಪ್ಪೆತನವೇ ಏರುವ ನೀರಿಗೆ ಒಗ್ಗುತ್ತದೆ. ನೀರು ಗದ್ದಲ ಮಾಡಿ ಏರುವುದಿಲ್ಲವಲ್ಲ.

ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರವಾಗಿಸಿದರು. ಸೌಂದರ್ಯ ನಿರ್ಮಿಸಿ ನಟಿಸಿದ ಆ ಚಿತ್ರಕ್ಕೆ ಸ್ವರ್ಣಕಮಲವೂ ಬಂತು. ಅಲ್ಲಿ ಮನೆಯನ್ನು ಉಳಿಸಿಕೊಳ್ಳಲು ನಾಗಿ ರಾತ್ರಿಯಿಡೀ ಸೆಣಸುತ್ತಾಳೆ. ಬೆಳಗಾದಾಗ ಗಂಡ ಆ ಶ್ರೇಯವನ್ನು ದೇವರಿಗೆ ಒಪ್ಪಿಸುತ್ತಾನೆ. ಒಳ್ಳೆಯ ದೃಶ್ಯ, ಸಂದೇಹವಿಲ್ಲ. ಆದರೆ ಚಿತ್ರ ನೋಡಿದೆವು, ಇನ್ನು ಪುಸ್ತಕವೇಕೆ ಎನ್ನುವವರು ಗಣಪಯ್ಯನನ್ನು ಅರ್ಧ ಮಾತ್ರ ಕಂಡಂತಾಯಿತು.

ಕಾಲೇಜುಗಳಲ್ಲಿ ಈ ಕಾದಂಬರಿ ಪಠ್ಯವಾದರೆ ಪರೀಕ್ಷೆಯಲ್ಲಿ ‘ಮುಳುಗಡೆಯ ಸಮಸ್ಯೆಯನ್ನು ವಿವರಿಸಿರಿ’ ಎಂಬ ಪ್ರಶ್ನೆಯೇ ಬರುವುದೆಂಬ ಅಂಜಿಕೆ ನನಗಿದೆ. ನಾವು ಅಧ್ಯಾಪಕರು ಅಂಥವರೇ. ಕೃಷ್ಣಯ್ಯ ಬಂದ ಮೇಲೆ ಗಣಪಯ್ಯನ ಮನಸ್ಸು ಏಕೆ ಕೆಟ್ಟಿತು ಎಂದು ಕೇಳಿದರೆ, ಹುಡುಗರು ಅಣೆಕಟ್ಟಿನ ಸಂಗತಿಯನ್ನು ತಾವಾಗಿಯೇ ಬರೆದಾರು.