ಪಂಜರದ ಲೆಕ್ಕ

ಜರ್ಮನ್ ವಿಜ್ಞಾನಿ ನಿಕೋಲಸ್ ರೀಲ್ ತಮ್ಮ ಆತ್ಮಕಥನಕ್ಕೆ ಇಟ್ಟ ಹೆಸರು 'ಚಿನ್ನದ ಪಂಜರದಲ್ಲಿ ಹತ್ತು ವರ್ಷ'. ನನಗೆ ತಕರಾರಿರುವುದು ಆ ಹೆಸರಿನ ಬಗ್ಗೆಯೇ. 1945ರಲ್ಲಿ ಸೋವಿಯತ್ ಅಧಿಕಾರಿಗಳು ಅವರನ್ನು ಕರೆದೊಯ್ದರು. ಮಾಸ್ಕೋ ಬಳಿಯ ಎಲೆಕ್ಟ್ರೋಸ್ಟಾಲ್ ಕಾರ್ಖಾನೆಯಲ್ಲಿ ಅವರ ತಂಡ ಶುದ್ಧ ಯುರೇನಿಯಂ ತಯಾರಿಸಿತು. 1949ರಲ್ಲಿ ಮೊದಲ ಸೋವಿಯತ್ ಬಾಂಬ್ ಸಿಡಿದ ಮೇಲೆ ಬಿರುದು, ಸ್ಟಾಲಿನ್ ಪ್ರಶಸ್ತಿ, ಮನೆ ಎಲ್ಲವೂ ಬಂದವು. ಜರ್ಮನಿಗೆ ಮರಳುವ ಅವಕಾಶ ಮಾತ್ರ 1955ರಲ್ಲಿ. ಪಂಜರವೆನ್ನುವುದು ಸುಳ್ಳಲ್ಲ, ಚಿನ್ನವೂ ಸುಳ್ಳಲ್ಲ. 1996ರ ಇಂಗ್ಲಿಷ್ ಅನುವಾದವಂತೂ ಚಿನ್ನವನ್ನು ಕಳಚಿ, 'ಸ್ಟಾಲಿನ್‌ನ ಸೆರೆಯಾಳು' ಎಂದುಬಿಟ್ಟಿತು. ಓದುವ ಮೊದಲೇ ನಮ್ಮ ಅನುಕಂಪ ಅವರ ಪಾಲಾಗುತ್ತದೆ. ಆದರೆ ಯುದ್ಧಕಾಲದಲ್ಲಿ ಔವರ್ ಕಂಪನಿಯಲ್ಲಿದ್ದು ಹಿಟ್ಲರನ ಜರ್ಮನಿಗೆ ಇದೇ ಲೋಹವನ್ನು ಶುದ್ಧಮಾಡಿ ಕೊಟ್ಟವರೂ ಅವರೇ. ಆಗ ಯಾರೂ ಅವರನ್ನು ಎತ್ತಿಕೊಂಡು ಹೋಗಿರಲಿಲ್ಲ. ಶೀರ್ಷಿಕೆ ಎಣಿಸುವ ಹತ್ತು ವರ್ಷಗಳಲ್ಲಿ ಆ ವರ್ಷಗಳು ಸೇರಿಲ್ಲ.